ವೆಸ್ನಾತ್: ಕಾಯಿಗಳ ನಡುವೆ ಎರಡು ಮನೆ ಬಿಡಿ, ಮೂರು ಬೇಡ

ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಸಾಕು, ಸಕಲೇಶಪುರದ ಕಡೆಯಿಂದ ಇಳಿಯುವವರೆಲ್ಲ ನಿಂತಲ್ಲೇ ನಿಲ್ಲಬೇಕು. ಲಾರಿ ಯಾರ ಮೇಲೂ ಜಗಳಕ್ಕೆ ಹೋಗುವುದಿಲ್ಲ, ನಿಂತಿರುತ್ತದೆ ಅಷ್ಟೇ. 'ಬ್ಯಾಟಲ್ ಫಾರ್ ವೆಸ್ನಾತ್' ಎಂಬ ಕಂಪ್ಯೂಟರ್ ಯುದ್ಧದಾಟದಲ್ಲಿ ಅರ್ಧ ಗೆಲುವು ಹೀಗೆ ಅಡ್ಡ ನಿಲ್ಲುವುದರಿಂದಲೇ ಬರುತ್ತದೆ.

ಡೇವಿಡ್ ವೈಟ್ 2003ರಲ್ಲಿ ಶುರುಮಾಡಿದ ಈ ಸರದಿ ಆಟ ಸೋರ್ಸ್ ಕೋಡ್ ಸಮೇತ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇಳಿಸಿಕೊಂಡ ಮೇಲೆ ಕ್ಯಾಂಪೇನ್, ಅಂದರೆ ಒಬ್ಬರೇ ಆಡುವ ಕಥೆಯಾಟ, ಆಡಲು ಇಂಟರ್‌ನೆಟ್ ಬೇಡ. ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಇದೇ ದೊಡ್ಡ ಅನುಕೂಲ.

ಆಟದ ಹಾಸಿನಲ್ಲಿ ಆರು ಮೂಲೆಯ ಮನೆಗಳು. ಕಾಯಿಗಳಿಗೆ ಲೆವೆಲ್ ಎಂಬ ದರ್ಜೆ ಇದೆ. ಒಂದನೇ ಲೆವೆಲ್ ಅಥವಾ ಅದಕ್ಕೆ ಮೇಲಿನ ಪ್ರತಿ ಕಾಯಿಗೂ ತನ್ನ ಸುತ್ತಲಿನ ಆರು ಮನೆಗಳ ಮೇಲೆ ಹಿಡಿತ ಇರುತ್ತದೆ. ಆಡುವವರು ಇದನ್ನು ಝೋನ್ ಎನ್ನುತ್ತಾರೆ. ಎದುರಾಳಿಯ ಕಾಯಿ ಆ ಮನೆಗೆ ಕಾಲಿಟ್ಟ ಕೂಡಲೇ ಅದರ ಉಳಿದ ಹೆಜ್ಜೆಗಳೆಲ್ಲ ಸೊನ್ನೆ. ಎಂಟು ಹೆಜ್ಜೆಯ ಕುದುರೆ ಸವಾರ ಎರಡನೇ ಹೆಜ್ಜೆಗೇ ನಿಮ್ಮ ಈಟಿಗಾರನ ಪಕ್ಕಕ್ಕೆ ಬಂದನೋ, ಉಳಿದ ಆರು ಹೆಜ್ಜೆ ಹೋಯಿತು. ಹೊಡೆಯಬಹುದು, ಮುಂದೆ ಹೋಗುವಂತಿಲ್ಲ. ದಂಡ ಬೀಳುವುದು ಝೋನ್ ಒಳಗೆ ಕಾಲಿಡುವಾಗ ಮಾತ್ರ, ಬಿಟ್ಟು ಹೊರಡುವಾಗ ಅಲ್ಲ. ಸಿವಿಲೈಸೇಶನ್ 5 ಎಂಬ ಇನ್ನೊಂದು ಸರದಿ ಆಟ ಆಡಿ ಬಂದವರು ಎಡವುವುದು ಇಲ್ಲೇ. ಅಲ್ಲಿ ಝೋನಿನ ಒಂದು ಮನೆಯಿಂದ ಝೋನಿನ ಇನ್ನೊಂದು ಮನೆಗೆ ಸರಿದಾಗ ಹೆಜ್ಜೆ ಮುಗಿಯುತ್ತದೆ, ಇಲ್ಲಿ ಮೊದಲ ಮನೆಗೇ ಮುಗಿಯುತ್ತದೆ.

ಆಡು-ಹುಲಿ ಆಟದಲ್ಲಿ ಹುಲಿಯನ್ನು ಕಟ್ಟಿಹಾಕಲು ಆಡುಗಳು ಮನೆಗಳನ್ನು ತುಂಬುತ್ತಾ ಬರಬೇಕು. ವೆಸ್ನಾತ್‌ನಲ್ಲಿ ಖಾಲಿ ಮನೆಯೂ ಕಾವಲು ಕಾಯುತ್ತದೆ. ಎರಡು ಕಾಯಿಗಳ ನಡುವೆ ಎರಡು ಮನೆ ಖಾಲಿ ಬಿಟ್ಟರೂ ಸಾಲು ಮುಚ್ಚಿಯೇ ಇರುತ್ತದೆ, ಏಕೆಂದರೆ ಆ ಎರಡೂ ಮನೆ ಒಂದಲ್ಲ ಒಂದು ಕಾಯಿಯ ಝೋನ್ ಒಳಗಿವೆ. ಮೂರು ಬಿಟ್ಟರೆ ನಡುವಿನದು ಯಾರ ಹಿಡಿತಕ್ಕೂ ಸಿಗದೆ ಶತ್ರು ಅಲ್ಲಿಂದ ನೇರ ನುಗ್ಗುತ್ತಾನೆ. ಹಾಗೆಂದು ಎರಡು ಮನೆಯ ಸಾಲನ್ನು ಕೋಟೆಗೋಡೆ ಎಂದುಕೊಳ್ಳಬೇಡಿ. ಅದು ತಡೆಯುವುದು ಒಂದೇ ಸರದಿ. ಸಂದಿಗೆ ಬಂದು ನಿಂತವನಿಗೆ ಮುಂದಿನ ಸರದಿಯಲ್ಲಿ ನಡುವಿನಿಂದ ಹಿಂಬದಿಗೆ ದಾರಿ ಸಿಗುತ್ತದೆ. ಅಷ್ಟರೊಳಗೆ ಅವನನ್ನು ಮುಗಿಸಬೇಕು, ಇಲ್ಲ ಸಾಲನ್ನು ಹಿಂದಕ್ಕೆ ಎಳೆಯಬೇಕು.

ಇದಕ್ಕಿಂತ ಚೆಂದದ್ದು ಬೋನು. ಶತ್ರುವಿನ ಎದುರುಬದುರು ಮಗ್ಗುಲಲ್ಲಿ ನಿಮ್ಮ ಎರಡು ಕಾಯಿ ನಿಲ್ಲಿಸಿದರೆ ಅವನ ಸುತ್ತ ಉಳಿಯುವ ನಾಲ್ಕೂ ಮನೆ ಝೋನ್ ಒಳಗೆ. ಓಡಿದರೆ ಒಂದೇ ಮನೆ. ಆ ಇಬ್ಬರಲ್ಲಿ ಒಬ್ಬ ಕಳ್ಳನಾದರೆ ಅವನ ಬೆನ್ನಿರಿತದ ಪೆಟ್ಟು ಎರಡರಷ್ಟಾಗುತ್ತದೆ, ಬೆನ್ನಿರಿತಕ್ಕೂ ಆಚೆ ಮಗ್ಗುಲಲ್ಲಿ ಜೊತೆಗಾರ ಬೇಕು. ಎರಡು ಕಾಯಿಯಲ್ಲಿ ಎರಡು ಲಾಭ! ಎಚ್ಚರವಿಷ್ಟೇ: ಆಚೆ ಬದಿಯವನು ಸೊನ್ನೆ ಲೆವೆಲ್ ಆದರೆ ಬೆನ್ನಿರಿತ ನಡೆಯುತ್ತದೆ, ಬೋನು ನಡೆಯುವುದಿಲ್ಲ.

ಹೊಸಬರು ಸೋಲುವುದೇ ಸೊನ್ನೆ ಲೆವೆಲ್‌ನಿಂದ. ರೈತ, ಬಾವಲಿ, ನಡೆಯುವ ಹೆಣ ಇವು ಅಗ್ಗವೆಂದು ಸಾಲು ತುಂಬಿಸುತ್ತಾರೆ. ಇವುಗಳಿಗೆ ಝೋನ್ ಇಲ್ಲ, ನಿಂತ ಮನೆಯೊಂದನ್ನು ಬಿಟ್ಟು ಬೇರೇನನ್ನೂ ಕಾಯುವುದಿಲ್ಲ. ಕಲ್ಲಾಗಿಸಲ್ಪಟ್ಟ ಕಾಯಿಯದೂ ಇದೇ ಕಥೆ. ಝೋನ್ ದಾಟಿ ಓಡಬಲ್ಲ ಸ್ಕರ್ಮಿಷರ್ ಗುಣವುಳ್ಳ ಫೆನ್ಸರ್ (ಕತ್ತಿವರಸೆಯವನು), ಸೌರಿಯನ್ ಸ್ಕರ್ಮಿಷರ್ (ಹಲ್ಲಿಮಾನವ) ಕಾಯಿಗಳಂತೂ ಝೋನ್‌ಗೆ ಕ್ಯಾರೇ ಎನ್ನುವುದಿಲ್ಲ. ಅವು ಎದುರಿಗಿದ್ದರೆ ಸಂದಿ ಬಿಡದೆ ಮೈಗೆ ಮೈ ತಾಗಿಸಿ ನಿಲ್ಲಿಸಿ, ಅಥವಾ ಗಾಯಗೊಂಡ ನಾಯಕನನ್ನು ಹಿಂದೆ ಒಂಟಿಯಾಗಿ ಬಿಡಬೇಡಿ. ಎದುರಾಳಿಯ ಸಾಲು ಮುರಿಯುವಾಗ ಕ್ರಮ ಮುಖ್ಯ: ಮೊದಲು ಬಿಲ್ಲುಗಾರ, ಮಂತ್ರವಾದಿಗಳಿಂದ ಒಂದು ಕಾಯಿ ಬೀಳಿಸಿ, ಅದರ ಝೋನ್ ಅಳಿದ ಮೇಲೆ ಕುದುರೆ ಬಿಡಿ. ಕುದುರೆಯನ್ನೇ ಮೊದಲು ನಡೆಸಿದರೆ ಅದು ಸಾಲಿನ ಮುಂದೆ ಸಿಕ್ಕಿಬೀಳುತ್ತದೆ.

ಕಂಟ್ರೋಲ್ ಮತ್ತು ವಿ ಒಟ್ಟಿಗೆ ಒತ್ತಿದರೆ ಶತ್ರು ಮುಂದಿನ ಸರದಿಯಲ್ಲಿ ಎಲ್ಲೆಲ್ಲಿ ತಲುಪಬಲ್ಲ ಎಂದು ಕಾಣುತ್ತದೆ. ಕಂಟ್ರೋಲ್ ಮತ್ತು ಬಿ ಒತ್ತಿದರೆ ನಿಮ್ಮ ಕಾಯಿಗಳೇ ಇಲ್ಲದಿದ್ದರೆ ಎಲ್ಲಿಗೆ ಬರುತ್ತಿದ್ದ ಎಂಬುದು. ಎರಡನ್ನೂ ನೋಡಿ, ವ್ಯತ್ಯಾಸವೇ ನಿಮ್ಮ ಸಾಲಿನ ಬೆಲೆ. ಸರದಿ ಮುಗಿಸುವ ಮುಂಚೆ ಇದೊಂದು ಮಾಡಿದರೆ ತಪ್ಪಿದ ಸಂದಿ ಕಣ್ಣಿಗೆ ಬೀಳುತ್ತದೆ, ಯು ಒತ್ತಿ ನಡೆಯನ್ನು ಹಿಂದಕ್ಕೆ ಪಡೆಯಬಹುದು. ಮಂಜು ಕವಿದ ನಕ್ಷೆಯಲ್ಲಿ ನಡೆಯಿಂದ ಹೊಸದೇನಾದರೂ ಕಂಡಿದ್ದರೆ ಅದನ್ನು ಹಿಂದಕ್ಕೆ ಪಡೆಯಲಾಗದು. ಕಾಡಿನಲ್ಲಿ ಅಡಗಿದ ಎಲ್ಫ್ ರೇಂಜರ್ ಇವೆರಡರಲ್ಲೂ ಕಾಣುವುದಿಲ್ಲ. ಅವನ ಪಕ್ಕಕ್ಕೆ ಹೋದ ಕಾಯಿ ದಾರಿಯಲ್ಲೇ ನಿಂತು ಹೆಜ್ಜೆ ಕಳೆದುಕೊಳ್ಳುತ್ತದೆ.

ಈ ಆಟದ ಅದೃಷ್ಟದ ಬಗ್ಗೆ ಗೊಣಗುವವರು ಬಹಳ. ಗೊಣಗಾಟ ಸುಳ್ಳಲ್ಲ: ಹಳ್ಳಿಯೊಳಗೆ ನಿಂತ ಈಟಿಗಾರನಿಗೆ 60% ರಕ್ಷಣೆ, ಎಂದರೆ ಹತ್ತರಲ್ಲಿ ನಾಲ್ಕು ಪೆಟ್ಟು ತಾಗಬೇಕು, ಆದರೆ ಸಾಲಾಗಿ ಮೂರೂ ತಾಗಿ ಬಿದ್ದುಹೋಗುವುದೂ ಉಂಟು. ಝೋನ್‌ನಲ್ಲಿ ಮಾತ್ರ ದಾಳ ಉರುಳುವುದಿಲ್ಲ. 14 ಚಿನ್ನದ ನಾಣ್ಯದ ಈಟಿಗಾರ ತಾನು ಸಾಯುವವರೆಗೂ ಆರು ಮನೆ ಕಾಯುತ್ತಾನೆ, ಆ ಬೆಲೆಗೆ ಆಟದಲ್ಲಿ ಇದಕ್ಕಿಂತ ಖಚಿತವಾದ ಸರಕು ಇಲ್ಲ.