ಅಸೋಸಿಯೇಟ್ ಡೀನ್ ಹುದ್ದೆಯೋ, ಪ್ರೋಗ್ರಾಂ ಡೈರೆಕ್ಟರ್ ಹುದ್ದೆಯೋ?

ಬಿಸಿನೆಸ್ ಸ್ಕೂಲಿನ ಪದವಿ ವಿಭಾಗದಲ್ಲಿ ಇವೆರಡರಲ್ಲಿ ಒಂದನ್ನು ಆರಿಸಬೇಕೇ? ಹಾಗಿದ್ದರೆ ದಿನ ಹೇಗೆ ಕಳೆಯುತ್ತದೆ ಅಂತ ಮೊದಲು ನೋಡಿ.

ಡೈರೆಕ್ಟರ್ ಕೈಯಲ್ಲಿ ಸಾಮಾನ್ಯವಾಗಿ ಒಂದೇ ಕೋರ್ಸ್ ಇರುತ್ತದೆ. ಅಕೌಂಟಿಂಗ್‌ನಲ್ಲಿ ಫೇಲಾದ ಹುಡುಗಿ ಅಂಕಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಮುಂದಿನ ಸೆಮಿಸ್ಟರ್‌ನಲ್ಲಿ ಫೈನಾನ್ಸ್ ತಗೊಳ್ಳಬಹುದಾ ಅಂತ ಅವಳ ಜೊತೆ ಕೂತು ನೋಡಬೇಕು. ಪಾಠ ಮಾಡುವುದಕ್ಕೂ ಸಮಯ ಉಳಿಯುತ್ತದೆ.

ಅಸೋಸಿಯೇಟ್ ಡೀನ್‌ಗೆ ಎಲ್ಲ ಪದವಿ ಕೋರ್ಸ್‌ಗಳ ಹೊಣೆ. ಪಠ್ಯಕ್ರಮ, ಬಜೆಟ್, ಬಿಸಿನೆಸ್ ಸ್ಕೂಲ್‌ಗಳಿಗೆ ಮಾನ್ಯತೆ ಕೊಡುವ, 1916ರಲ್ಲಿ ಶುರುವಾದ ಎಎಸಿಎಸ್‌ಬಿಯಂಥ ಸಂಸ್ಥೆಗಳಿಗೆ ಬೇಕಾದ ದಾಖಲೆ. ಮೀಟಿಂಗ್ ಜಾಸ್ತಿ, ವಿದ್ಯಾರ್ಥಿಗಳ ಮುಖ ಕಾಣುವುದು ಕಡಿಮೆ. ಆದರೆ ಅಕೌಂಟಿಂಗ್ ಪಾಸಾಗದೆ ಫೈನಾನ್ಸ್ ಇಲ್ಲ ಅಂತ ಆ ಹುಡುಗಿಯನ್ನು ತಡೆಯುವಂಥ ನಿಯಮವನ್ನೇ ಬದಲಿಸುವ ದಾರಿ ಇಲ್ಲಿದೆ. ಅದಕ್ಕೆ ಅಧ್ಯಾಪಕರ ಸಮಿತಿಯನ್ನು ಒಪ್ಪಿಸುವ ತಾಳ್ಮೆ ಬೇಕು, ಅಲ್ವಾ?

ಸಂಶೋಧನೆ ಅರ್ಧದಲ್ಲಿರುವವರು ಡೈರೆಕ್ಟರ್ ಹುದ್ದೆಯನ್ನೇ ತಗೊಳ್ಳಲಿ ಅಂತ ನಾನು ಹೇಳುತ್ತೇನೆ.