ಒಂದು 'ಎಸ್' ಅಳಿಸಿ ಕಲಿಸಿದ ಇಂಗ್ಲಿಷ್ ಕ್ಲಾಸ್

ನಮ್ಮ ಏರಿಯಾದ ಸಂಜೆ ಇಂಗ್ಲಿಷ್ ಕ್ಲಾಸಿಗೆ ಎರಡು ತಿಂಗಳು ಹೋದೆ, ತುಂಬಾ ಇಷ್ಟವಾಯಿತು. ನಾನು ಯಾವಾಗಲೂ 'ಮೈ ಫೈವ್ ಇಯರ್ಸ್ ಓಲ್ಡ್ ಸನ್' ಅಂತಲೇ ಬರೆಯುತ್ತಿದ್ದೆ. ಮೇಡಂ ಅದನ್ನೇ ಬೋರ್ಡಿನ ಮೇಲೆ ಬರೆದು, 'ಇಯರ್ಸ್'ನ ಎಸ್ ಅನ್ನು ಅಂಗೈಯಿಂದ ಒರೆಸಿ, ಮೂರು ಪದಗಳ ನಡುವೆ ಎರಡು ಹೈಫನ್ ಹಾಕಿದರು. ನಾಮಪದಕ್ಕಿಂತ ಮೊದಲು ಬಂದರೆ 'ಫೈವ್-ಇಯರ್-ಓಲ್ಡ್ ಸನ್', ಆಮೇಲೆ ಬಂದರೆ 'ಮೈ ಸನ್ ಈಸ್ ಫೈವ್ ಇಯರ್ಸ್ ಓಲ್ಡ್', ಅಲ್ಲಿ ಎಸ್ ಬೇಕು, ಹೈಫನ್ ಬೇಡ. ಕನ್ನಡದಲ್ಲೂ 'ಐದು ವರ್ಷದ ಮಗ' ಅಂತೀವಿ, 'ವರ್ಷಗಳ ಮಗ' ಅನ್ನಲ್ಲ ಅಲ್ವಾ ಅಂದರು. ಥಟ್ಟನೆ ತಲೆಗೆ ಹೋಯಿತು.

ಫೀಸ್ ಸ್ವಲ್ಪ ಜಾಸ್ತಿ, ಕೊಟ್ಟ ಪುಸ್ತಕದಲ್ಲಿ ಅಭ್ಯಾಸ ತೀರಾ ಕಮ್ಮಿ. ಆದರೂ ಖಂಡಿತ ಸೇರಿ. ಮೊನ್ನೆ ಆಫೀಸ್ ಮೇಲ್‌ನಲ್ಲಿ 'ಟೂ-ಡೇ ಲೀವ್' ಅಂತ ಯೋಚಿಸದೇ ಸರಿಯಾಗಿ ಬರೆದೆ.