ಮಗಳ ನೀಲಿ ಕೂದಲು: ಒಂದು ಸಲೂನ್ ವಿಮರ್ಶೆ

15 ವರ್ಷದ ಮಗಳು ಮೂರು ತಿಂಗಳು ನೀಲಿ ಕೂದಲು ಬೇಕೆಂದು ಹಟ ಹಿಡಿದಳು. ಕೊನೆಗೆ ನಾನೇ ಸೋತೆ. ಸಲೂನಿನಲ್ಲಿ ನನಗೆ ಮೊದಲು ಹಿಡಿಸಿದ್ದು ಇದು. ಕತ್ತರಿ ಹಿಡಿದ ಹುಡುಗಿ ನನ್ನನ್ನು ಏನೂ ಕೇಳಲಿಲ್ಲ. ಮಗಳನ್ನೇ ನೋಡಿ, "ನಿಮಗೆ ಹೇಗೆ ಬೇಕು?" ಎಂದಳು. ನಾನು ಬಾಯಿ ಹಾಕಲು ಹೋದೆ. ಮಗಳು ಕನ್ನಡಿಯಲ್ಲೇ ಕಣ್ಣು ಬಿಟ್ಟಳು. ಸುಮ್ಮನಾದೆ.

ಕಪ್ಪು ಕೂದಲಿಗೆ ನೇರವಾಗಿ ನೀಲಿ ಹಚ್ಚಿದರೆ ಅಷ್ಟಾಗಿ ಕಾಣುವುದಿಲ್ಲ, ಮೊದಲು ಬ್ಲೀಚ್ ಮಾಡಿ ಕಪ್ಪು ತೆಗೆಯಬೇಕು. ಬ್ಲೀಚಿನಿಂದ ಕೂದಲು ಒರಟಾಗುತ್ತದೆ ಅಂತಲೂ ಮುಚ್ಚಿಡದೆ ಹೇಳಿದರು. ಅದನ್ನು ಕೇಳಿ ಮಗಳೇ, "ಕಿವಿಯ ಹಿಂದೆ ಎರಡು ಎಳೆ ಸಾಕು" ಎಂದಳು. ನಾನು ಹೇಳಿದ್ದರೆ ಒಪ್ಪುತ್ತಿದ್ದಳಾ? ಎರಡು ದಿನ ಮೊದಲೇ ಕರೆಸಿ, ಮೊಣಕೈ ಒಳಗೆ ಚೂರು ಬಣ್ಣ ಹಚ್ಚಿ, ಅಲರ್ಜಿ ಆಗುತ್ತದಾ ಅಂತ 48 ಗಂಟೆ ಕಾದಿದ್ದರು. ಇದಕ್ಕೆ ಪೂರ್ತಿ ಅಂಕ.

ದೂರೂ ಇದೆ. ಬ್ಲೀಚಿನ ವಾಸನೆಗೆ ಕಣ್ಣೆಲ್ಲ ಉರಿ, ಒಂದು ಕಿಟಕಿ ತೆಗೆಯಬಾರದಿತ್ತಾ? ಟವೆಲ್, ದಿಂಬು ಎಲ್ಲ ನೀಲಿಯಾಗುತ್ತದೆ ಅಂತ ಯಾರೂ ಹೇಳಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಬಣ್ಣ ಮಾಸಿ ಪಾಚಿ ಹಸಿರಾಯಿತು. ನನಗೆ ಒಳಗೊಳಗೇ ಖುಷಿ. ಅವಳಿಗೆ ಹಸಿರೇ ಜಾಸ್ತಿ ಇಷ್ಟವಂತೆ!